ಋತುಚಕ್ರ: ಮೆದುಳು ಮತ್ತು ಅಂಡಾಶಯಗಳ ಸಂವಾದ



ಮುಟ್ಟಿನ ತೊಂದರೆಯೆಂದರೆ ಅದು ಗರ್ಭಚೀಲದ ತೊಂದರೆಯೆಂಬ ಭಾವನೆ ನಮ್ಮ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಗ್ರಾಮಗಳಿಂದ ನಮ್ಮಲ್ಲಿಗೆ ಚಿಕಿತ್ಸೆಗೆ ಬರುವ ತಾಯಂದಿರು ಸಾಮಾನ್ಯವಾಗಿ ಆಡುವ ಮಾತು ಒಂದೇ: "ಗರ್ಭಚೀಲ ಕೆಟ್ಟೈತ್ರಿ, ಅದಕ್ಕ ತಿಂಗಳು ಸರಿಯಾಗಿ ಆಗವಲ್ದು." ಈ ಒಂದು ಭಾವನೆಯಿಂದ ಮೂರು ಅನರ್ಥಗಳು ಸಂಭವಿಸುತ್ತಿವೆ. ಮೊದಲನೆಯದು, ಮಕ್ಕಳಾಗದ ಸೊಸೆಯ ಮೇಲೆ ಪರೀಕ್ಷೆಗೂ ಮೊದಲೇ ದೋಷ ಹೊರಿಸುವುದು. ಎರಡನೆಯದು, ಕಾರಣವನ್ನು ಹುಡುಕದೆ ಔಷಧದ ಅಂಗಡಿಯಿಂದ ಮುಟ್ಟು ಬರಿಸುವ ಅಥವಾ ಮುಂದೂಡುವ ಮಾತ್ರೆಗಳನ್ನು ತಂದು ನುಂಗುವುದು. ಮೂರನೆಯದು, ಮೂವತ್ತರ ಆಸುಪಾಸಿನಲ್ಲಿಯೇ ಗರ್ಭಾಶಯವನ್ನು ತೆಗೆಸಿಬಿಡುವುದು.

ವಾಸ್ತವದಲ್ಲಿ ಗರ್ಭಾಶಯವು ಋತುಚಕ್ರದಲ್ಲಿ ಆಜ್ಞೆಯನ್ನು ಪಾಲಿಸುವ ಅಂಗವೇ ಹೊರತು ಆಜ್ಞೆಯನ್ನು ನೀಡುವ ಅಂಗವಲ್ಲ. ಚಕ್ರವನ್ನು ನಡೆಸುವುದು ಮೆದುಳು ಮತ್ತು ಅಂಡಾಶಯಗಳ ನಡುವೆ ರಕ್ತದ ಮೂಲಕ ಹಗಲಿರುಳು ನಡೆಯುವ ಸಂವಾದ. ಆ ಸಂವಾದದ ಸ್ವರೂಪವನ್ನು ಅರಿತರೆ ಮುಟ್ಟು ತಪ್ಪಿದಾಗ ಎಲ್ಲಿ ನೋಡಬೇಕು, ಏನನ್ನು ಕೇಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಈ ಲೇಖನದಲ್ಲಿ ಅದನ್ನು ಹಂತಹಂತವಾಗಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೂರು ಹಂತಗಳ ವ್ಯವಸ್ಥೆ

ಮೆದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ಹಸಿವು, ನೀರಡಿಕೆ, ದೇಹದ ಉಷ್ಣತೆ, ನಿದ್ರೆ ಇವೆಲ್ಲವನ್ನೂ ನೋಡಿಕೊಳ್ಳುವ ಕೇಂದ್ರಗಳು ಇಲ್ಲಿಯೇ ಇವೆ. ಇಲ್ಲಿರುವ ಕೆಲವೇ ಸಾವಿರ ನರಕೋಶಗಳು ಜಿ.ಎನ್.ಆರ್.ಎಚ್. ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಇದು ಹತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರಪಳಿ. ಇದರ ರಚನೆಯನ್ನು 1971ರಲ್ಲಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಲ್ಲಮಿನ್ ಅವರ ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಮೆದುಳಿನ ಇಂತಹ ಹಾರ್ಮೋನುಗಳ ಸಂಶೋಧನೆಗಾಗಿ ಅವರಿಬ್ಬರಿಗೂ 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಜಿ.ಎನ್.ಆರ್.ಎಚ್. ಅಲ್ಲಿಂದ ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ತಲುಪುತ್ತದೆ. ಈ ಗ್ರಂಥಿಯು ಕಡಲೆಕಾಳಿನಷ್ಟು ಗಾತ್ರದ್ದು. ಸಂದೇಶ ಬಂದೊಡನೆ ಅದು ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಫ್.ಎಸ್.ಎಚ್. ಅಂಡಾಶಯದಲ್ಲಿರುವ ಅಂಡಕೋಶಿಕೆಗಳನ್ನು ಬೆಳೆಸುತ್ತದೆ. ಎಲ್.ಎಚ್. ಪಕ್ವವಾದ ಅಂಡವನ್ನು ಹೊರಬರುವಂತೆ ಮಾಡುತ್ತದೆ. ಅಂಡಾಶಯವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳನ್ನು ತಯಾರಿಸುತ್ತದೆ. ಇವು ಗರ್ಭಾಶಯದ ಒಳಪದರವನ್ನು ಬೆಳೆಸಿ ಹದಗೊಳಿಸುತ್ತವೆ. ಗರ್ಭ ನಿಲ್ಲದಿದ್ದರೆ ಇವೆರಡೂ ಇಳಿದು ಆ ಪದರ ಕಳಚಿ ಹೊರಬರುತ್ತದೆ, ಅದೇ ಮುಟ್ಟು. ಹೀಗೆ ಹೈಪೋಥಲಾಮಸ್, ಪಿಟ್ಯುಟರಿ, ಅಂಡಾಶಯ ಎಂಬ ಮೂರು ಹಂತಗಳನ್ನು ದಾಟಿದ ಮೇಲೆಯೇ ಗರ್ಭಾಶಯದ ಸರದಿ ಬರುತ್ತದೆ.

ನಿರಂತರ ಹರಿವಲ್ಲ, ಪಾಳಿಯ ನೀರು

ಜಿ.ಎನ್.ಆರ್.ಎಚ್. ಸದಾಕಾಲ ಒಂದೇ ಸಮನೆ ಹರಿಯುವುದಿಲ್ಲ. ಅದು ನಾಡಿಬಡಿತದಂತೆ ಬಿಟ್ಟುಬಿಟ್ಟು ಬರುತ್ತದೆ. ಚಕ್ರದ ಮೊದಲ ಭಾಗದಲ್ಲಿ ಸುಮಾರು 60ರಿಂದ 90 ನಿಮಿಷಕ್ಕೊಮ್ಮೆ, ಅಂಡ ಬಿಡುಗಡೆಯಾದ ನಂತರದ ಭಾಗದಲ್ಲಿ ಸುಮಾರು 3ರಿಂದ 4 ಗಂಟೆಗೊಮ್ಮೆ ಒಂದು ಅಲೆ ಹೊರಡುತ್ತದೆ. ರಕ್ತದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ನಮ್ಮ ರೈತರಿಗೆ ಪಾಳಿಯ ನೀರಿನ ಬೆಲೆ ಚೆನ್ನಾಗಿ ಗೊತ್ತು. ಸರದಿಯಂತೆ ಬಂದ ನೀರಿನಿಂದ ಬೆಳೆ ಏಳುತ್ತದೆ. ತೂಬು ಎತ್ತಿ ಹಾಗೆಯೇ ಬಿಟ್ಟರೆ ಹತ್ತಿ, ತೊಗರಿಗಳ ಬೇರು ಕೊಳೆಯುತ್ತದೆ. ಹಾರ್ಮೋನಿನ ವಿಷಯದಲ್ಲಿಯೂ ಇದೇ ನಿಯಮ. ಅಮೆರಿಕದ ವಿಜ್ಞಾನಿ ಅರ್ನ್ಸ್ಟ್ ನೋಬಿಲ್ ಮತ್ತು ಅವರ ಸಂಗಡಿಗರು 1978ರಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಯಿತು. ಗಂಟೆಗೊಮ್ಮೆ ಜಿ.ಎನ್.ಆರ್.ಎಚ್. ಕೊಟ್ಟಾಗ ಪಿಟ್ಯುಟರಿ ಚೆನ್ನಾಗಿ ಕೆಲಸ ಮಾಡಿತು. ಅದನ್ನೇ ಎಡೆಬಿಡದೆ ಕೊಟ್ಟಾಗ ಗ್ರಂಥಿಯು ಕಿವುಡಾಗಿ ಎಲ್.ಎಚ್., ಎಫ್.ಎಸ್.ಎಚ್. ಎರಡೂ ಕುಸಿದವು. ಅಕಾಲದಲ್ಲಿ ಮೈನೆರೆಯುವ ಚಿಕ್ಕ ಹೆಣ್ಣುಮಕ್ಕಳಿಗೆ ಇಂದು ಕೊಡುವ ಚುಚ್ಚುಮದ್ದು ಈ ತತ್ತ್ವದ ಮೇಲೆಯೇ ನಿಂತಿದೆ.

ನಮ್ಮ ನಾಡಿನಲ್ಲಿಯೂ ಈ ಕ್ಷೇತ್ರದಲ್ಲಿ ಗಂಭೀರ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಅವರು ಎಲ್.ಎಚ್. ಮತ್ತು ಎಫ್.ಎಸ್.ಎಚ್.ಗಳನ್ನು ಪ್ರತಿಕಾಯಗಳಿಂದ ನಿಷ್ಕ್ರಿಯಗೊಳಿಸಿ, ಯಾವ ಹಾರ್ಮೋನಿನ ಕಾರ್ಯ ಯಾವುದೆಂದು ವಿಂಗಡಿಸುವ ಅಧ್ಯಯನಗಳನ್ನು ದೀರ್ಘಕಾಲ ನಡೆಸಿದರು. ದಕ್ಷಿಣ ಭಾರತದ ಊರೂರಲ್ಲಿ ಕಾಣುವ ಸಾಮಾನ್ಯ ಮಂಗವೂ ಆ ಅಧ್ಯಯನಗಳಿಗೆ ನೆರವಾಯಿತು.

ಅಂಡಾಶಯದ ಮರುಮಾತು

ಮೆದುಳು ಆಜ್ಞಾಪಿಸುತ್ತದೆ, ಅಂಡಾಶಯ ಕೇಳುತ್ತದೆ ಎಂದಷ್ಟೇ ತಿಳಿಯಬಾರದು. ಅಂಡಾಶಯವೂ ಮರುಮಾತು ಕಳುಹಿಸುತ್ತದೆ. ಕಾಲುವೆಯ ಕೆಳಭಾಗದ ಗೇಜಿನ ಅಳತೆಯನ್ನು ಮೇಲಿನವರಿಗೆ ತಿಳಿಸಿ, ಅದಕ್ಕೆ ತಕ್ಕಂತೆ ಗೇಟನ್ನು ಇಳಿಸುವ ಅಥವಾ ಏರಿಸುವ ಪದ್ಧತಿಯಂತೆ, ರಕ್ತದಲ್ಲಿ ಈಸ್ಟ್ರೋಜನ್ ಏರಿದಾಗ ಮೆದುಳು ಮತ್ತು ಪಿಟ್ಯುಟರಿ ತಮ್ಮ ಸ್ರಾವವನ್ನು ತಗ್ಗಿಸುತ್ತವೆ. ಅಂಡಕೋಶಿಕೆಗಳು ಸ್ರವಿಸುವ ಇನ್‌ಹಿಬಿನ್ ಎಂಬ ವಸ್ತು ಎಫ್.ಎಸ್.ಎಚ್. ಅನ್ನು ಮಾತ್ರ ತಡೆಯುತ್ತದೆ. ಇದರಿಂದ ಹತ್ತಾರು ಅಂಡಕೋಶಿಕೆಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಪೂರ್ಣವಾಗಿ ಪಕ್ವವಾಗುತ್ತದೆ.

ಆದರೆ ಚಕ್ರದ ನಡುವೆ ಈ ಹೋಲಿಕೆ ಮುಗಿಯುತ್ತದೆ, ಏಕೆಂದರೆ ಅಲ್ಲಿ ನಿಯಮವೇ ತಿರುಗುಮುರುಗಾಗುತ್ತದೆ. ಪಕ್ವವಾದ ಅಂಡಕೋಶಿಕೆಯಿಂದ ಈಸ್ಟ್ರೋಜನ್ ಉನ್ನತ ಮಟ್ಟಕ್ಕೇರಿ ಸುಮಾರು ಎರಡು ದಿನ ಅಲ್ಲಿಯೇ ನಿಂತರೆ, ಅದುವರೆಗೆ ತಡೆಯಾಗಿದ್ದ ಅದೇ ಈಸ್ಟ್ರೋಜನ್ ಪ್ರಚೋದಕವಾಗುತ್ತದೆ. ಎಲ್.ಎಚ್. ಒಮ್ಮೆಲೆ ಉಕ್ಕುತ್ತದೆ. ಆ ಉಕ್ಕು ಆರಂಭವಾದ ಸುಮಾರು 36 ಗಂಟೆಗಳಲ್ಲಿ ಅಂಡ ಹೊರಬರುತ್ತದೆ. ಬಳಿಕ ಪ್ರೊಜೆಸ್ಟರಾನ್ ಪ್ರಧಾನವಾಗಿ ಮೆದುಳಿನ ಅಲೆಗಳನ್ನು ನಿಧಾನಗೊಳಿಸುತ್ತದೆ.

ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಈ ತಿರುಗುಮುರುಗಿನ ವ್ಯವಸ್ಥೆ ಇನ್ನೂ ಪಕ್ವವಾಗಿರುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಬಹುಮಟ್ಟಿಗೆ ಸಹಜ. ತಾಯಂದಿರು ಇದಕ್ಕೆ ಗಾಬರಿಯಾಗಿ ಮಗಳಿಗೆ ಹಾರ್ಮೋನಿನ ಮಾತ್ರೆ ಕೊಡಿಸಬೇಕಾಗಿಲ್ಲ.

ಮಧ್ಯವರ್ತಿಯ ಪತ್ತೆ

ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಪ್ರಶ್ನೆಯೊಂದಿತ್ತು. ಈಸ್ಟ್ರೋಜನ್ನಿನ ಈ ಸಂದೇಶವನ್ನು ಸ್ವೀಕರಿಸುವ ಮುಖ್ಯ ಗ್ರಾಹಕವು ಜಿ.ಎನ್.ಆರ್.ಎಚ್. ಕೋಶಗಳಲ್ಲಿ ಕಾಣುವುದಿಲ್ಲ. ಹಾಗಿದ್ದರೆ ಅಂಡಾಶಯದ ಮಾತು ಅವುಗಳಿಗೆ ತಲುಪುವುದು ಹೇಗೆ? ಉತ್ತರ ಕಿಸ್‌ಪೆಪ್ಟಿನ್ ಎಂಬ ರಾಸಾಯನಿಕದಲ್ಲಿ ದೊರೆಯಿತು. ಇದರ ವಂಶವಾಹಿಯನ್ನು 1996ರಲ್ಲಿ ಅಮೆರಿಕದ ಹರ್ಷೀ ಎಂಬ ಊರಿನಲ್ಲಿ ಕ್ಯಾನ್ಸರ್ ಸಂಶೋಧಕರು ಗುರುತಿಸಿದ್ದರು. ಆ ಊರಿನ ಪ್ರಸಿದ್ಧ ಚಾಕೊಲೇಟಿನ ಹೆಸರೇ ಇದಕ್ಕೆ ಬಂದಿತು. 2003ರಲ್ಲಿ, ಕಿಸ್‌ಪೆಪ್ಟಿನ್‌ನ ಗ್ರಾಹಕ ಕೆಟ್ಟವರಲ್ಲಿ ಯೌವನಾವಸ್ಥೆಯೇ ಬರುವುದಿಲ್ಲವೆಂದು ತಿಳಿದಾಗ ಇದರ ನಿಜವಾದ ಮಹತ್ವ ಬೆಳಕಿಗೆ ಬಂದಿತು.

ಕಿಸ್‌ಪೆಪ್ಟಿನ್ ಸ್ರವಿಸುವ ಕೆಲವು ನರಕೋಶಗಳು ಇನ್ನೆರಡು ವಸ್ತುಗಳನ್ನೂ ತಯಾರಿಸುತ್ತವೆ. ನ್ಯೂರೋಕೈನಿನ್-ಬಿ ಅಲೆಯನ್ನು ಎಬ್ಬಿಸುತ್ತದೆ. ಡೈನಾರ್ಫಿನ್ ಅದನ್ನು ಶಮನಗೊಳಿಸುತ್ತದೆ. ಒಂದು ಎಬ್ಬಿಸುವುದು, ಮತ್ತೊಂದು ಇಳಿಸುವುದು, ಈ ಎಳೆದಾಟದಿಂದಲೇ ನಾವು ಮೇಲೆ ಹೇಳಿದ ಪಾಳಿ ಹುಟ್ಟುತ್ತದೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್‌ಗಳ ಮಾತನ್ನು ಕೇಳಿಸಿಕೊಂಡು ಜಿ.ಎನ್.ಆರ್.ಎಚ್. ಕೋಶಗಳಿಗೆ ಮುಟ್ಟಿಸುವ ಕೆಲಸ ಇವುಗಳದು.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ನಿನ ತಡೆ ತಪ್ಪಿ ಈ ಕೋಶಗಳು ಹಿಗ್ಗಿ ಅತಿಯಾಗಿ ಚಟುವಟಿಕೆ ತೋರುತ್ತವೆ. ಪಕ್ಕದಲ್ಲಿರುವ ಉಷ್ಣ ನಿಯಂತ್ರಣ ಕೇಂದ್ರವೂ ಇದರಿಂದ ಕೆರಳುತ್ತದೆ. ಐವತ್ತರ ಆಸುಪಾಸಿನ ತಾಯಂದಿರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರು ಕಿತ್ತುಬರುವುದಕ್ಕೆ ಇದೇ ಮುಖ್ಯ ಕಾರಣ. ನ್ಯೂರೋಕೈನಿನ್-ಬಿಯ ಕ್ರಿಯೆಯನ್ನು ತಡೆಯುವ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಅನುಮೋದನೆಯೂ ದೊರೆತಿದೆ. ಆದ್ದರಿಂದ ಆ ವಯಸ್ಸಿನ ತಾಯಿಯ ಸಂಕಟವನ್ನು "ಮನಸ್ಸಿನ ಭ್ರಮೆ" ಎಂದು ಮನೆಯವರು ತಳ್ಳಿಹಾಕಬಾರದು.

ಹಸಿವು, ಚಿಂತೆ, ಹಾಲೂಡಿಕೆ

ಮೆದುಳು ಅಂಡಾಶಯದ ಮಾತನ್ನು ಮಾತ್ರ ಕೇಳುವುದಿಲ್ಲ. ಇಡೀ ದೇಹದ ಸ್ಥಿತಿಗತಿಯನ್ನು ವಿಚಾರಿಸಿಕೊಂಡು ಗರ್ಭಧಾರಣೆಗೆ ಇದು ತಕ್ಕ ಕಾಲವೇ ಎಂದು ನಿರ್ಣಯಿಸುತ್ತದೆ.

ದೇಹದ ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಇದು 1994ರಲ್ಲಿ ಪತ್ತೆಯಾಯಿತು. ಕಣಜದಲ್ಲಿ ಕಾಳಿದೆಯೇ ಇಲ್ಲವೇ ಎಂಬುದನ್ನು ಮೆದುಳಿಗೆ ತಿಳಿಸುವುದು ಇದರ ಕೆಲಸ. ಲೆಪ್ಟಿನ್ ಕುಗ್ಗಿದರೆ ಕಿಸ್‌ಪೆಪ್ಟಿನ್ ಕುಗ್ಗುತ್ತದೆ, ಜಿ.ಎನ್.ಆರ್.ಎಚ್. ಅಲೆಗಳು ವಿರಳವಾಗುತ್ತವೆ, ಮುಟ್ಟು ನಿಲ್ಲುತ್ತದೆ. ನಾಟಿಯ ದಿನಗಳಲ್ಲಿ ನಸುಕಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಾಗಿ ದುಡಿದು, ಮನೆಯವರೆಲ್ಲ ಉಂಡ ಮೇಲೆ ಉಳಿದುದನ್ನು ಉಣ್ಣುವ ಹೆಣ್ಣುಮಗಳ ಮುಟ್ಟು ತಪ್ಪಿದರೆ ಅವಳ ಗರ್ಭಾಶಯದಲ್ಲಿ ದೋಷವಿರಬೇಕೆಂದಿಲ್ಲ. ಅವಳ ಮೆದುಳು ಬರಗಾಲವನ್ನು ಗುರುತಿಸಿ ತೂಬನ್ನು ಇಳಿಸಿರಬಹುದು. ಅವಳಿಗೆ ಬೇಕಾದ ಮೊದಲ ಔಷಧ ಹೊಟ್ಟೆತುಂಬ ಅನ್ನ.

ಚಿಂತೆ, ಭಯ, ದುಃಖಗಳಿಂದ ಕಾರ್ಟಿಸಾಲ್ ಮತ್ತು ಎಂಡಾರ್ಫಿನ್‌ಗಳು ಏರುತ್ತವೆ. ಇವು ಜಿ.ಎನ್.ಆರ್.ಎಚ್. ಅಲೆಗಳನ್ನು ತಡೆಯಬಲ್ಲವು. ಮಕ್ಕಳಾಗಲಿಲ್ಲವೆಂದು ಸೊಸೆಯನ್ನು ದಿನನಿತ್ಯ ಹಂಗಿಸುವ ಮನೆಯು ಮೊದಲೇ ತೊಡಕಿರುವ ಚಕ್ರಕ್ಕೆ ಮತ್ತೊಂದು ತೊಡಕನ್ನು ಸೇರಿಸುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಪುರುಷರ ವೀರ್ಯೋತ್ಪತ್ತಿಯನ್ನು ನಡೆಸುವುದೂ ಇದೇ ಜಿ.ಎನ್.ಆರ್.ಎಚ್., ಇದೇ ಎಲ್.ಎಚ್. ಮತ್ತು ಎಫ್.ಎಸ್.ಎಚ್. ಆದ್ದರಿಂದ ಮಕ್ಕಳಾಗದಿದ್ದಲ್ಲಿ ಪತಿಯ ವೀರ್ಯಪರೀಕ್ಷೆಯೂ ಮೊದಲ ಸುತ್ತಿನಲ್ಲಿಯೇ ಆಗಬೇಕು.

ಹಾಲೂಡಿಸುವ ತಾಯಿಯಲ್ಲಿ ಪ್ರೋಲ್ಯಾಕ್ಟಿನ್ ಏರಿರುತ್ತದೆ. ಸಾಮಾನ್ಯ ಕಾಲದಲ್ಲಿ ಇದನ್ನು ಹಿಡಿದಿಡುವುದು ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ. ಪ್ರೋಲ್ಯಾಕ್ಟಿನ್ ಏರಿದಾಗ ಮುಟ್ಟು ತಡವಾಗುವುದು ಪ್ರಕೃತಿಯ ನಿಯಮ. ಆದರೆ "ಮುಟ್ಟು ಬಂದ ಮೇಲೆಯೇ ಗರ್ಭ ನಿಲ್ಲುವುದು" ಎಂಬ ಹಿರಿಯರ ಮಾತನ್ನು ಪೂರ್ಣವಾಗಿ ನಂಬಬಾರದು. ಮೊದಲ ಮುಟ್ಟಿಗಿಂತ ಮೊದಲೇ ಅಂಡ ಬಿಡುಗಡೆಯಾಗಬಹುದು. ಹಾಲೂಡಿಸದವರಲ್ಲಿಯೂ ಪ್ರೋಲ್ಯಾಕ್ಟಿನ್ ಏರಬಲ್ಲದು. ವಾಂತಿ ಮತ್ತು ಹೊಟ್ಟೆಯುಬ್ಬರಕ್ಕೆ ನುಂಗುವ ಡೊಂಪೆರಿಡೋನ್, ಲೆವೊಸಲ್ಪಿರೈಡ್ ಮುಂತಾದ ಮಾತ್ರೆಗಳು ಹಾಗೂ ಕೆಲವು ಮಾನಸಿಕ ರೋಗಗಳ ಔಷಧಗಳು ಡೋಪಮೈನಿನ ಕ್ರಿಯೆಯನ್ನು ತಡೆಯುತ್ತವೆ. ಥೈರಾಯ್ಡ್ ಕುಗ್ಗಿದಾಗಲೂ ಪ್ರೋಲ್ಯಾಕ್ಟಿನ್ ಏರುವುದುಂಟು. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ಒಯ್ಯಿರಿ. ಮಾನಸಿಕ ರೋಗದ ಔಷಧವನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಶಾರೀರಿಕ ಶ್ರಮ ಕಡಿಮೆಯಾಗಿ ತೂಕ ಹೆಚ್ಚಿದ ಅನೇಕ ಯುವತಿಯರಲ್ಲಿ, ಕೆಲವು ತೆಳ್ಳನೆಯವರಲ್ಲಿಯೂ, ಜಿ.ಎನ್.ಆರ್.ಎಚ್. ಅಲೆಗಳು ಅತಿವೇಗವಾಗಿ ಬರುತ್ತವೆ. ಎಲ್.ಎಚ್. ಹೆಚ್ಚುತ್ತದೆ, ಅಂಡಕೋಶಿಕೆಗಳು ಅರ್ಧದಲ್ಲಿಯೇ ನಿಂತುಬಿಡುತ್ತವೆ. ಜನರು ಪಿ.ಸಿ.ಓ.ಡಿ. ಎಂದು ಕರೆಯುವುದು ಇದನ್ನೇ. ಸ್ಕ್ಯಾನಿಂಗಿನಲ್ಲಿ ಕಾಣುವ "ನೀರುಗುಳ್ಳೆಗಳು" ಹೀಗೆ ಬೆಳವಣಿಗೆ ನಿಂತ ಅಂಡಕೋಶಿಕೆಗಳೇ ಹೊರತು ಗೆಡ್ಡೆಗಳಲ್ಲ. ತೂಕ ಹೆಚ್ಚಿದ್ದವರು ಅದರಲ್ಲಿ ಶೇಕಡಾ 5ರಿಂದ 10ರಷ್ಟನ್ನು ಇಳಿಸಿದರೂ ಅನೇಕರಲ್ಲಿ ಚಕ್ರ ಮರಳಿ ಸರಿಹೋಗುತ್ತದೆ.

ಆಯುರ್ವೇದದ ದೃಷ್ಟಿ

ಆಯುರ್ವೇದವು ಆರ್ತವವನ್ನು ರಸಧಾತುವಿನ ಉಪಧಾತುವೆಂದು ಹೇಳುತ್ತದೆ. ಅಂದರೆ ಉಂಡ ಆಹಾರ ಚೆನ್ನಾಗಿ ಪಚನವಾಗಿ ರಸವು ಪುಷ್ಟವಾದರೆ ಮಾತ್ರ ಆರ್ತವವೂ ಸರಿಯಾಗಿರುತ್ತದೆ. ಅದರ ಪ್ರವೃತ್ತಿಯನ್ನು ಅಪಾನವಾಯುವಿಗೆ ಒಪ್ಪಿಸಲಾಗಿದೆ. ಗರ್ಭಧಾರಣೆಗೆ ನೆರವಾಗುವ ಸಂಗತಿಗಳಲ್ಲಿ ಮನಸ್ಸಿನ ಪ್ರಸನ್ನತೆಗೆ ಚರಕಾಚಾರ್ಯರು ಅಗ್ರಸ್ಥಾನ ಕೊಟ್ಟಿದ್ದಾರೆ. ಇದರಿಂದ ಪ್ರಾಚೀನರಿಗೆ ಕಿಸ್‌ಪೆಪ್ಟಿನ್ ತಿಳಿದಿತ್ತೆಂದು ವಾದಿಸುವುದು ಶಾಸ್ತ್ರಕ್ಕೆ ಗೌರವ ತರುವ ಮಾತಲ್ಲ. ಆದರೆ ಆಹಾರ, ಮನಸ್ಸು ಮತ್ತು ಆರ್ತವ ಒಂದೇ ಸೂತ್ರದಲ್ಲಿ ಬಂಧಿತವಾಗಿವೆಯೆಂಬ ಅವರ ಅವಲೋಕನ ಇಂದಿಗೂ ನಿಲ್ಲುತ್ತದೆ.

ಶತಾವರಿ, ಅಶೋಕ ಮುಂತಾದ ಔಷಧಗಳನ್ನು ರೋಗಿಯ ಪ್ರಕೃತಿ ಮತ್ತು ರೋಗದ ಕಾರಣ ನೋಡಿ ಕೊಡಬೇಕು. ವಿಶೇಷವಾಗಿ, ಗರ್ಭ ನಿಂತಿಲ್ಲವೆಂದು ಪರೀಕ್ಷೆಯಿಂದ ಖಚಿತವಾಗುವ ಮೊದಲು ಕುಮಾರ್ಯಾಸವದಂತಹ ಮುಟ್ಟು ಬರಿಸುವ ಔಷಧಗಳನ್ನು ಸೇವಿಸಲೇಬಾರದು. ಊಟದಲ್ಲಿ ಜೋಳದ ರೊಟ್ಟಿಯೊಂದಿಗೆ ಪುಂಡಿಪಲ್ಯ, ಮೊಳಕೆಯೊಡೆದ ಹೆಸರುಕಾಳು, ಶೇಂಗಾಹಿಂಡಿ, ತೊಗರಿಬೇಳೆ, ಮೊಸರು ಇರಲಿ. ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಂದಿಗೆ ಚಹಾ ಕುಡಿದರೆ ಅದಕ್ಕೆ ತಡೆಯಾಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿದೆ ಎಂಬುದನ್ನು ಮರೆಯಬಾರದು.

ಜಾತ್ರೆಗಾಗಿ ಮುಂದೂಡುವ ಮಾತ್ರೆ

ಜಾತ್ರೆ, ಮದುವೆ, ಗೃಹಪ್ರವೇಶಗಳ ಮುನ್ನ ಮುಟ್ಟನ್ನು ಮುಂದೂಡುವ ಮಾತ್ರೆ ಕೇಳಿಕೊಂಡು ಬರುವವರು ಬಹಳ. ಈ ಮಾತ್ರೆಯಲ್ಲಿರುವ ನಾರ್‌ಎಥಿಸ್ಟರಾನ್ ಪ್ರೊಜೆಸ್ಟರಾನ್‌ನಂತೆ ವರ್ತಿಸಿ ಗರ್ಭಾಶಯದ ಪದರ ಕಳಚದಂತೆ ಹಿಡಿದಿಡುತ್ತದೆ. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಮುಟ್ಟು ಬರುತ್ತದೆ. ಆರೋಗ್ಯವಂತರು ವೈದ್ಯರ ಸಲಹೆಯಂತೆ ಎಂದೋ ಒಮ್ಮೆ ತೆಗೆದುಕೊಂಡರೆ ಗರ್ಭಾಶಯ ಕೆಡುವುದಿಲ್ಲ. ಆದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ರೋಗವಿದ್ದವರಿಗೆ ಇದು ಅಪಾಯಕಾರಿ. ಪದೇಪದೇ ನುಂಗಿದರೆ ಚಕ್ರದ ಮೂಲ ತೊಂದರೆ ಮರೆಯಾಗಿ ಪತ್ತೆಯೇ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಮುಂದೂಡುವ ಅಗತ್ಯವಾದರೂ ಏನು ಎಂಬುದು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಇಷ್ಟಲಿಂಗವನ್ನು ಧರಿಸಿದ ಶರಣೆಗೆ ಮುಟ್ಟಿನ ದಿನಗಳಲ್ಲಿಯೂ ಲಿಂಗಪೂಜೆ ನಿಷಿದ್ಧವಲ್ಲ. ಹೀಗಿರುವಾಗ, ನಮ್ಮ ಪರಂಪರೆಯೇ ತೊರೆದ ಸೂತಕಕ್ಕೆ ಅಂಜಿ ಔಷಧ ನುಂಗುವುದು ಎಷ್ಟು ಯೋಗ್ಯ? ಮನೆಯ ಹಿರಿಯರು ಈ ಬಗ್ಗೆ ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇವೆ.

ಗರ್ಭಾಶಯ ತೆಗೆಸುವ ಮುನ್ನ

ಗರ್ಭಾಶಯದಲ್ಲಿ ಕ್ಯಾನ್ಸರ್, ದೊಡ್ಡ ಗೆಡ್ಡೆ ಅಥವಾ ಬೇರಾವುದಕ್ಕೂ ಬಗ್ಗದ ರಕ್ತಸ್ರಾವವಿದ್ದಲ್ಲಿ ಶಸ್ತ್ರಚಿಕಿತ್ಸೆ ಜೀವವನ್ನು ಉಳಿಸುತ್ತದೆ, ಅಂತಹವರು ಹಿಂಜರಿಯಬಾರದು. ಆದರೆ ಬರಿಯ ಬಿಳಿಮುಟ್ಟು, ಸೊಂಟನೋವು ಅಥವಾ ಏರುಪೇರಾದ ಮುಟ್ಟಿಗಾಗಿ ಗರ್ಭಾಶಯವನ್ನು ತೆಗೆಸುವುದು, ತಪ್ಪು ಸಂದೇಶ ತಂದನೆಂದು ಅಂಚೆಯವನನ್ನು ಊರು ಬಿಡಿಸಿದಂತೆ. ಸಂದೇಶ ಕಳುಹಿಸುವವರು ಹಾಗೆಯೇ ಉಳಿಯುತ್ತಾರೆ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೆ ಕುಸಿಯುತ್ತದೆ. ಮೂವತ್ತೈದರ ಹೆಣ್ಣುಮಗಳು ಕೆಲವೇ ದಿನಗಳಲ್ಲಿ ಐವತ್ತು ದಾಟಿದವರ ಸ್ಥಿತಿಗೆ ತಲುಪುತ್ತಾಳೆ. ಮುಂದೆ ಮೂಳೆ ಸವೆಯುತ್ತದೆ, ಹೃದ್ರೋಗದ ಸಂಭವ ಹೆಚ್ಚುತ್ತದೆ. ಅನಗತ್ಯ ಗರ್ಭಾಶಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿದೆ. ತುರ್ತು ಇಲ್ಲದಿದ್ದಲ್ಲಿ ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯುವುದು ಪ್ರತಿಯೊಬ್ಬ ತಾಯಿಯ ಹಕ್ಕು.

ಯಾವಾಗ ವೈದ್ಯರನ್ನು ಕಾಣಬೇಕು?

1. ಹುಡುಗಿಗೆ 13 ವರ್ಷವಾದರೂ ಎದೆಯ ಬೆಳವಣಿಗೆ ಕಾಣದಿದ್ದರೆ, ಅಥವಾ 15 ವರ್ಷವಾದರೂ ಮೈನೆರೆಯದಿದ್ದರೆ. ಅಂತಹವಳಿಗೆ ಮಲ್ಲಿಗೆಯ ಪರಿಮಳವೂ ತಿಳಿಯದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಜಿ.ಎನ್.ಆರ್.ಎಚ್. ಕೋಶಗಳು ಭ್ರೂಣದಲ್ಲಿ ಮೂಗಿನ ಭಾಗದಲ್ಲಿ ಹುಟ್ಟಿ ಮೆದುಳಿಗೆ ಸಾಗುತ್ತವೆ; ಆ ಪಯಣ ತಪ್ಪಿದವರಲ್ಲಿ ವಾಸನೆಯ ಅರಿವೂ ಇರುವುದಿಲ್ಲ.

2. ಸರಿಯಾಗಿದ್ದ ಮುಟ್ಟು 3 ತಿಂಗಳು ನಿಂತರೆ. ವಿವಾಹಿತರು ಅಷ್ಟು ಕಾಯದೆ ಮೊದಲು ಗರ್ಭಪರೀಕ್ಷೆ ಮಾಡಿಸಬೇಕು.

3. ವಯಸ್ಕರಲ್ಲಿ ಚಕ್ರವು 21 ದಿನಕ್ಕಿಂತ ಕಡಿಮೆ ಅಥವಾ 35 ದಿನಕ್ಕಿಂತ ಹೆಚ್ಚು ಆಗುತ್ತಿದ್ದರೆ, ರಕ್ತಸ್ರಾವ 7 ದಿನ ಮೀರಿದರೆ.

4. ಹಾಲೂಡಿಸದಿದ್ದರೂ ಮೊಲೆಯಿಂದ ಹಾಲು ಬಂದರೆ. ಅದರೊಂದಿಗೆ ತಲೆನೋವು, ದೃಷ್ಟಿಮಂದತೆ ಇದ್ದರೆ ತಡಮಾಡಬಾರದು.

5. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ. ಒಂದು ಹನಿಯಾದರೂ ಪರೀಕ್ಷೆ ಆಗಲೇಬೇಕು.

ಹಿಮೋಗ್ಲೋಬಿನ್, ಥೈರಾಯ್ಡ್, ಪ್ರೋಲ್ಯಾಕ್ಟಿನ್, ಎಫ್.ಎಸ್.ಎಚ್., ಎಲ್.ಎಚ್. ಪರೀಕ್ಷೆಗಳು ಮತ್ತು ಒಂದು ಸ್ಕ್ಯಾನಿಂಗ್, ಇವುಗಳಿಂದ ಸಂವಾದ ಎಲ್ಲಿ ಕಡಿದಿದೆಯೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಗ್ರಾಮದ ಆಶಾ ಕಾರ್ಯಕರ್ತೆಯ ನೆರವು ಪಡೆಯಿರಿ. ಮುಟ್ಟು ಆರಂಭವಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ರೂಢಿಯನ್ನು ಮನೆಯ ಹೆಣ್ಣುಮಕ್ಕಳಿಗೆ ಕಲಿಸಿರಿ. ಆರು ತಿಂಗಳ ಆ ಗುರುತುಗಳು ವೈದ್ಯರಿಗೆ ಬಹಳ ನೆರವಾಗುತ್ತವೆ.

ಮುಟ್ಟು ತಪ್ಪಿದ ಮಗಳನ್ನೋ ಸೊಸೆಯನ್ನೋ ಕಂಡಾಗ "ಏನು ದೋಷ?" ಎಂದು ಕೇಳುವ ಮೊದಲು "ಊಟ ಸರಿಯಾಗಿ ಮಾಡುತ್ತೀಯಾ, ನಿದ್ದೆ ಬರುತ್ತದೆಯೇ, ಮನಸ್ಸಿಗೆ ಏನಾದರೂ ನೋವಿದೆಯೇ?" ಎಂದು ಕೇಳೋಣ. ಚಿಕಿತ್ಸೆಯ ಅರ್ಧಭಾಗ ಆ ಪ್ರಶ್ನೆಗಳಲ್ಲಿದೆ. ಉಳಿದರ್ಧವನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಸಕಲ ಶರಣೆಯರಿಗೂ ಆರೋಗ್ಯಭಾಗ್ಯ ಲಭಿಸಲಿ.